ಬಣವೆ ಸುಟ್ಟದ್ದು ಬೀಡಿಯಲ್ಲ

ನಮ್ಮ ಮೇವಿನ ಬಣವೆಗೆ ಬೆಂಕಿ ಬಿದ್ದದ್ದು ಸಿದ್ದಪ್ಪ ಕಾಕಾರ ಬೀಡಿಯಿಂದಲ್ಲ. ನನ್ನ ಪಿಕಪ್ ಗಾಡಿಯ ಸೈಲೆನ್ಸರಿನಿಂದ. ಅದು ನನಗೆ ಆ ದಿನವೇ ಗೊತ್ತಿತ್ತು. ಆದರೂ ಕಾಕಾರನ್ನು—ನನ್ನ ತಂದೆಯ ತಮ್ಮ, ನಮ್ಮ ಮನೆಯ ಹಿರಿಯರು—ಇಷ್ಟು ವರ್ಷ ತಪ್ಪಿತಸ್ಥರ ಜಾಗದಲ್ಲಿ ಕೂಡ್ರಿಸಿ, ಅವರ ಪಕ್ಕದಲ್ಲೇ ಕೂತು ರೊಟ್ಟಿ ತಿಂದಿದ್ದೇನೆ. ರೊಟ್ಟಿಯ ರುಚಿಯೇನೂ ಕೆಟ್ಟಿರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಗಡಹಿಂಗ್ಲಜದ ಹತ್ತಿರ ನಮ್ಮದು ಕುರಿ ಸಾಕುವ ಮನೆತನ. ಟಗರು, ಮೇವು, ಕಂಬಳಿ, ಒಮ್ಮೊಮ್ಮೆ ಬೀಗರು—ಎಲ್ಲವನ್ನೂ ಹೊರುವುದು ಆ ಡೀಸೆಲ್ ಪಿಕಪ್. ಹೊಸ ಕಾಲದ ಈ ಗಾಡಿಗಳ ಸೈಲೆನ್ಸರಿನೊಳಗೆ ಮಸಿ ಹಿಡಿದಿಡುವ ಒಂದು ಜಾಳಿಗೆ ಇರುತ್ತದೆ. ಮಸಿ ತುಂಬಿದರೆ ಸ್ಟಿಯರಿಂಗಿನ ಮುಂದಿನ ಫಲಕದಲ್ಲಿ ಹಳದಿ ದೀಪ ಹತ್ತುತ್ತದೆ. ಆಗ ದೊಡ್ಡ ರಸ್ತೆಯಲ್ಲಿ ನಿಲ್ಲಿಸದೆ ಓಡಿಸಿದರೆ ಮಸಿ ತಾನೇ ಸುಟ್ಟುಹೋಗುತ್ತದೆ. ಆ ಹೊತ್ತಿಗೆ ಕೊಳವೆ ಒಲೆಯಂತೆ ಕಾದಿರುತ್ತದೆ. ಗ್ಯಾರೇಜಿನವನು ಬಿಡಿಸಿ ಹೇಳಿದ್ದ: "ಮಾಮಾ, ದೀಪ ಆರೂತನಕ ಗಾಡಿ ಬಂದ್ ಮಾಡಬ್ಯಾಡ್ರಿ. ಕೆಳಗ ಸಿಕ್ಕಿದ ಹುಲ್ಲು, ಕುರಿಕೂದಲಾ ವಾರಕ್ಕೊಮ್ಮೆ ತಗೀರಿ. ಒಣಾ ಹುಲ್ಲಿನ ಮ್ಯಾಲಂತೂ ನಿಂದ್ರಿಸಲೇಬ್ಯಾಡ್ರಿ."

ನಾನು ಹಳೆಯ ಕಾಲದ ಮನುಷ್ಯ. ಗಾಡಿ ತನ್ನ ಹೊಟ್ಟೆಶುದ್ಧಿಗಾಗಿ ನನ್ನ ಡೀಸೆಲ್ ಕುಡಿದು ಹೆದ್ದಾರಿಯಲ್ಲಿ ವಿಹಾರ ಮಾಡಬೇಕೆಂಬ ಶಾಸ್ತ್ರ ನನಗೆ ಸಮ್ಮತವಾಗಲಿಲ್ಲ. ಇನ್ನು ಹಳದಿಯೋ, ನಮ್ಮ ಬೀರದೇವರ ಬಣ್ಣ. ಅದು ಬೆಳಗಿದರೆ ಕೇಡೇನು ಎಂದುಕೊಂಡೆ.

ಆ ದಿನ ಕೊಲ್ಹಾಪುರದಲ್ಲಿ ಟಗರು ಮಾರಿ ಬರುತ್ತಿದ್ದೆ. ದಾರಿಯಲ್ಲೇ ದೀಪ ಹತ್ತಿ, ಮಸಿ ಸುಡತೊಡಗಿತ್ತು. ನನಗೆ ಹಸಿವು. ಗಾಡಿಯ ಹಿಂಭಾಗವನ್ನು ಬಣವೆಯ ನೆರಳಿಗೆ ಒತ್ತಿ ನಿಲ್ಲಿಸಿ, ಬಂದ್ ಮಾಡಿ, ಊಟಕ್ಕೆ ಹೋದೆ. ಬಣವೆಯ ಆಚೆ ಬದಿಗೆ ಕಾಕಾ ದಿನದಂತೆ ಉಂಡು ಬೀಡಿ ಸೇದುತ್ತಿದ್ದರು.

ಸುಟ್ಟ ಕೂದಲಿನ ವಾಸನೆ ಬಂತು. ಓಡಿದೆ. ಮೊದಲು ಗಾಡಿಯನ್ನು ಮುಂದೆ ತಂದೆ—ನನ್ನ ಧೈರ್ಯವನ್ನು ಊರು ಮೆಚ್ಚಿತು. ಇಳಿದು ಬಗ್ಗಿ ನೋಡಿದರೆ ಕೊಳವೆಗೆ ಸಿಕ್ಕಿಕೊಂಡ ಹುಲ್ಲು ಇನ್ನೂ ಕೆಂಡವಾಗಿ... ಕೋಲಿನಿಂದ ಎಳೆದು, ಉರಿಯುವ ಬಣವೆಯೊಳಗೇ ದೂಡಿದೆ. ಯಾರೂ ನೋಡಲಿಲ್ಲ. ಆಮೇಲೆ ತಿರುಗಿ, ನೆರೆದ ಮಂದಿಯ ಮುಂದೆ, ಒಂದು ಮಾತು ಕೇಳಿದೆ:

"ಕಾಕಾ, ಬೀಡಿ ಎಲ್ಲಿ ಒಗದ್ರಿ?"

ಸುಳ್ಳಲ್ಲ, ನೋಡಿ. ಬರೀ ಪ್ರಶ್ನೆ. ಕಾಕಾ ತಮ್ಮ ಬರಿ ಬೆರಳುಗಳನ್ನು ನೋಡಿಕೊಂಡರು. ಉಳಿದದ್ದನ್ನು ಅವರ ಹೆಂಡತಿ, ನಮ್ಮ ಕಾಕು, ಪೂರೈಸಿದರು: "ಈ ಮುದುಕನ ಬಾಯಾಗಿನ ಹೊಗಿ ಕಡೀಕ ಕುರಿ ಬಾಯಾಗಿನ ಮೇವು ತಿಂತ ನೋಡ್ರಿ!"

ಕಾಕಾ ಅಂದಿನಿಂದ ಬೀಡಿ ಮುಟ್ಟಲಿಲ್ಲ. ಕೆಮ್ಮು ಹೋಯಿತು, ಊಟ ಹೆಚ್ಚಿತು. ಕಾಕು ಆ ಬೆಂಕಿಯನ್ನೇ ಹರಸಿದರು. ಆಜರಾ ಕಡೆಯಿಂದ ಭತ್ತದ ಹುಲ್ಲು ತಂದು ಆ ಬೇಸಿಗೆ ದಾಟಿದೆವು, ಹಿಂಡೂ ಬೆಳೆದಿದೆ. ನಾನೂ ಸುಧಾರಿಸಿದೆ—ವಾರಕ್ಕೊಮ್ಮೆ ಗಾಡಿಯ ಕೆಳಗೆ ಮಲಗಿ ಕೊಳವೆಯ ಸುತ್ತಲಿನ ಕಸ ತೆಗೆಯುತ್ತೇನೆ. ದೀಪ ಹತ್ತಿದರೆ ಇಚಲಕರಂಜಿಯವರೆಗೂ ಓಡಿಸಿ ಬರುತ್ತೇನೆ. ಮನೆಯವರು ಅದನ್ನು ನನ್ನ ಚಹಾದ ಚಟ ಎಂದು ತಿಳಿದಿದ್ದಾರೆ. ಎಲ್ಲರಿಗೂ ಒಳ್ಳೆಯದೇ ಆಯಿತೆಂದು ಸುಮ್ಮನಿರಬಹುದಿತ್ತು—ಒಂದು ಸಂಗತಿ ಇಲ್ಲದಿದ್ದರೆ.

ದೀಪಾವಳಿ ಪಾಡ್ಯದಂದು ಮನೆಯ ಹಿರಿಯರು ಕುರಿಗಳ ಹಣೆಗೆ ಭಂಡಾರ, ಅಂದರೆ ದೇವರ ಅರಿಷಿಣ, ಹಚ್ಚಬೇಕು. ಬೆಂಕಿಯ ವರ್ಷ ಕಾಕಾ ಭಂಡಾರದ ತಾಟನ್ನು ನನ್ನ ಕೈಗಿಟ್ಟರು. "ಕುರಿ ಮೇವು ಸುಟ್ಟ ಕೈಲೇ ಭಂಡಾರ ಹಚ್ಚಬಾರದೋ. ನೀ ಹಚ್ಚು." ಹಚ್ಚಿದೆ. ಮರುವರ್ಷವೂ ಹಚ್ಚಿದೆ, ಅದರ ಮರುವರ್ಷವೂ. ಅವರು ದೊಡ್ಡಿಯ ಬೇಲಿಯ ಹೊರಗೆ ನಿಂತು, ಯಾವ ಟಗರಿಗೆ ಹಚ್ಚುವುದು ಬಿಟ್ಟುಹೋಯಿತೆಂದು ಬೆರಳು ಮಾಡಿ ತೋರಿಸುತ್ತಿದ್ದರು. ಒಳಗೆ ಕಾಲಿಡುತ್ತಿರಲಿಲ್ಲ. ಅದನ್ನು ನೋಡಿಯೂ ನಾನು—

ನಿನ್ನೆ ಹೇಳಿದೆ. ಗಾಡಿಯ ಕೆಳಗೆ ಮಲಗಿ ಹುಲ್ಲು ಕೀಳುತ್ತಿದ್ದೆ; ಕಾಕಾ ಬಂದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತರು. ಮುಖ ಕಾಣದಿದ್ದಾಗ ಮಾತು ಸಲೀಸು—ಇದನ್ನೂ ನನ್ನ ತಪ್ಪುಗಳ ಸಾಲಿಗೆ ಸೇರಿಸಿಕೊಳ್ಳಿ. ದೀಪ, ಹುಲ್ಲು, ಕೋಲು, ಎಲ್ಲ ಹೇಳಿದೆ. ನನಗೆ ಅವರ ಪಾದಗಳು ಮಾತ್ರ ಕಾಣುತ್ತಿದ್ದವು.

"ಅಂದ್ರ ನಾ ಸುಮ್ಮಸುಮ್ಮನ ಬೀಡಿ ಬಿಟ್ಟೆನೇನೋ?"

"ಹೌದ್ರಿ ಕಾಕಾ."

ನಗುತ್ತಾರೆಂದು ಕಾದೆ. ನಗಲಿಲ್ಲ.

"ಈ ಪಾಡ್ಯಕ್ಕ ತಾಟ ನೀವ ಹಿಡೀರಿ," ಎಂದೆ.

"ಮಂದಿ ಮುಂದ ಕೇಳಿದ್ದಿ. ಮಂದಿ ಮುಂದ ಹೇಳು," ಎಂದು ಎದ್ದರು. "ಗಾಡಿ ಕೆಳಗ ಅಲ್ಲ."

ಹೇಳುತ್ತೇನೆ. ನಾಲಿಗೆ ಅಲ್ಲಿ ತಡವರಿಸದಿರಲೆಂದು ಮೊದಲು ಇಲ್ಲಿ ಬರೆದಿದ್ದೇನೆ. ಪಾಡ್ಯದ ಬೆಳಿಗ್ಗೆ, ದೊಡ್ಡಿಯಲ್ಲಿ, ಕಾಕು, ಬೀಗರು, ಊರವರು ಎಲ್ಲ ಸೇರಿದಾಗ, ಅದೇ ಜೋರಿನ ದನಿಯಲ್ಲಿ. ಆಮೇಲೆ ತಾಟನ್ನು ಕಾಕಾರ ಮುಂದೆ ಹಿಡಿಯುತ್ತೇನೆ. ತೆಗೆದುಕೊಳ್ಳುವುದು, ಬಿಡುವುದು ಅವರಿಗೆ ಸೇರಿದ್ದು.