ಒಂದಂಕದ ದೊರೆ

ಬಾಗಿಲಯ್ಯನಿಗೆ ಪ್ರತಿಭೆಯೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೇರೆಯವರ ಪಾತ್ರದ ಮಾತನ್ನೆಲ್ಲ ಬಾಯಿಪಾಠ ಮಾಡಿಕೊಳ್ಳುವ ಪ್ರತಿಭೆ ಅವನಿಗೆ ಧಾರಾಳವಾಗಿತ್ತು. ತನ್ನ ಪಾತ್ರದ್ದು ಮಾತ್ರ ಆಗಾಗ ಮರೆತುಹೋಗುತ್ತಿತ್ತು.

ನಾನು ಅವನಿದ್ದ ನಾಟಕ ಮಂಡಳಿಯ ಪೋಷಾಕು ನೋಡಿಕೊಳ್ಳುತ್ತಿದ್ದವಳು. ಎಲ್ಲರೂ ನನ್ನನ್ನು ಅಕ್ಕ ಎನ್ನುತ್ತಿದ್ದರು, ಸಂಬಳ ಕೊಡದೆ ಕೆಲಸ ಮಾಡಿಸಿಕೊಳ್ಳಲು ಅದು ಒಳ್ಳೆಯ ಉಪಾಯ. ಮರ ಕೊಯ್ಯುವ ಮಿಲ್ಲಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಸಂಜೆ ತಾಲೀಮು ನಡೆಯುತ್ತಿತ್ತು. ಹಗಲು ಒಬ್ಬೊಬ್ಬರದು ಒಂದೊಂದು ಹೊಟ್ಟೆಪಾಡು. ಬಾಗಿಲಯ್ಯ ಬೂಟಿನ ಅಂಗಡಿಯಲ್ಲಿದ್ದ. ಕುಳ್ಳ ಸ್ಟೂಲಿನ ಮೇಲೆ ಕೂತು, ಗಿರಾಕಿಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಹಿಮ್ಮಡಿಯನ್ನು ಬೂಟಿನೊಳಗೆ ತುರುಕುವುದು ಅವನ ಉದ್ಯೋಗ. ಬಿಗಿಯಾಯಿತು ಎಂದು ಗಿರಾಕಿ ಮುಖ ಕಿವುಚಿದರೆ, "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಎಂದು ಹಲ್ಲು ಕಿರಿಯುತ್ತಿದ್ದ. ಆ ಮಾತು ನಂಬಿ ನಾನೂ ಒಂದು ಜೊತೆ ಕೊಂಡಿದ್ದೆ. ನನ್ನ ಕಿರುಬೆರಳು ಇವತ್ತಿಗೂ ಅವನಿಗೆ ಹಿಡಿಶಾಪ ಹಾಕುತ್ತದೆ.

ನಾವು ವರ್ಷಗಟ್ಟಲೆ ಆಡುತ್ತಿದ್ದುದು ಒಂದೇ ಹಳೆಯ ದುರಂತ ನಾಟಕ. ಮೊದಲ ಅಂಕದಲ್ಲಿ ಮುದಿ ರಾಜ ಕೆಂಪು ಮಖಮಲ್ಲಿನ ನಿಲುವಂಗಿ ತೊಟ್ಟು ಬರುತ್ತಾನೆ, ನಾಲ್ಕು ಮಾತಾಡುತ್ತಾನೆ, ಮಲಗುತ್ತಾನೆ. ಸಿಂಹಾಸನದ ಆಸೆಗೆ ದಳಪತಿ ಅವನನ್ನು ಕೊಂದು, ಅದೇ ನಿಲುವಂಗಿಯನ್ನು ಬಿಚ್ಚಿ ತಾನು ತೊಡುತ್ತಾನೆ. ಬಾಗಿಲು ಕಾಯುವವನು ಅದನ್ನು ಕಂಡುಬಿಡುತ್ತಾನೆ. ಅರ್ಧ ಬೊಕ್ಕಸ ಕೊಡುತ್ತೇನೆ, ಬಾಯಿ ಮುಚ್ಚಿಕೊಂಡಿರು ಎಂದರೆ, "ನನಗೆ ಈ ಬಾಗಿಲೇ ಸಾಕು, ಪ್ರಭು" ಎನ್ನುತ್ತಾನೆ. ಆ ಮಾತಿಗಾಗಿ ಅವನೂ ಸಾಯುತ್ತಾನೆ. ಆಮೇಲಿನ ಎರಡು ಅಂಕ ದಳಪತಿ ನಿದ್ದೆಗೆಟ್ಟು, ಹೆದರಿ, ಹಾಳಾಗಿ ಸಾಯುವ ಕಥೆ.

ಮುದಿ ರಾಜ ನಮ್ಮ ಯಜಮಾನರು, ಹೊಟ್ಟೆಯೊಂದೇ ಒಂದು ಸಂಸ್ಥಾನದಷ್ಟಿತ್ತು. ದಳಪತಿ ದಪ್ಪಣ್ಣ. ಏನೂ ಬೇಡ ಎನ್ನುವ ಬಾಗಿಲು ಕಾಯುವವನು ಈ ನಮ್ಮ ಬಾಗಿಲಯ್ಯ, ಹೆಸರು ಬಂದದ್ದೂ ಅಲ್ಲಿಂದಲೇ. ಪಾತ್ರ ಹಂಚಿದವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹಂಚಿರಬೇಕು. ರಂಗದ ಮೇಲೆ ರಾಜ್ಯಕ್ಕಾಗಿ ಕೊಲೆ ಮಾಡುವ ದಪ್ಪಣ್ಣ ಹಗಲು ಮಿಲ್ಲಿನಲ್ಲಿ ಮರ ಅಳೆಯುತ್ತಿದ್ದ. ಅವನಿಗೆ ಆಸೆ ಎಂಬುದೇನಾದರೂ ಇದ್ದರೆ ಅದು ಎರಡನೆಯ ಲೋಟ ಚಹಾ. ಮೇಸ್ತ್ರಿ ಕೆಲಸ ಮನೆಬಾಗಿಲಿಗೆ ಬಂದಾಗ, ಯಾರು ಒದ್ದಾಡ್ತಾರೆ ಎಂದು ಬಿಟ್ಟುಕೊಟ್ಟ. ಅದನ್ನು ಸಂತನ ಲಕ್ಷಣ ಎನ್ನುವವರಿದ್ದಾರೆ, ನಾನು ಸೋಮಾರಿತನ ಎನ್ನುತ್ತೇನೆ. ಬಾಗಿಲಯ್ಯನಿಗೋ ಮೈಯೆಲ್ಲ ಆಸೆ. ದಪ್ಪಣ್ಣ ಮಾತಾಡುವಾಗ ಪಕ್ಕದಲ್ಲಿ ನಿಂತ ಇವನ ತುಟಿ ಆಡುತ್ತಿರುತ್ತಿತ್ತು.

ಹೀಗಿರುವಾಗ ದೊಡ್ಡ ಪಟ್ಟಣದ ರಂಗಮಂದಿರದಿಂದ ನಮಗೆ ಕರೆ ಬಂತು. ಅದು ಬಾಗಿಲಯ್ಯನ ಮಾವನ ಊರು. ಮಾವ ಕಚೇರಿಯಲ್ಲಿ ಸೂಪರಿಂಟೆಂಡೆಂಟಾಗಿ ನಿವೃತ್ತರಾದವರು. ಬಂದವರಿಗೆಲ್ಲ ಇವನನ್ನು, "ನಮ್ಮ ಅಳಿಯಂದಿರು, ಜನಕ್ಕೆ ಬೂಟು ಹಾಕಿಸ್ತಾರೆ" ಎಂದೇ ಪರಿಚಯ ಮಾಡಿಕೊಡುತ್ತಿದ್ದರು. ಅದು ಅವನಿಗಿಂತ ಅವನ ಹೆಂಡತಿಗೆ ಹೆಚ್ಚು ಚುಚ್ಚುತ್ತಿತ್ತು. ಅವಳು ಅಪ್ಪನಿಗೆ ಫೋನು ಮಾಡಿ, ಈ ಸಲ ನಿಮ್ಮ ಅಳಿಯನದು ರಾಜನ ಪಾತ್ರ, ಇಡೀ ಸಂಸಾರ ಬಂದು ನೋಡಿ ಎಂದುಬಿಟ್ಟಳು. ಹೇಳಿದ ಮೇಲೆ ಗಂಡನಿಗೆ ತಿಳಿಸಿದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎನ್ನುತ್ತಾರಲ್ಲ, ಇವರು ಅದನ್ನು ಅಕ್ಷರಶಃ ಮಾಡಿದರು.

ಅವಳಿಗೆ ಹೊಲಿಗೆ ಬರುತ್ತಿತ್ತು. ಅಂಗಿ ಯಾರಿಗೆ ಸರಿಹೋಗುತ್ತೋ ಪಾತ್ರ ಅವರದು, ದಳಪತಿಯಾಗೋ ಆ ದಪ್ಪಣ್ಣನಿಗೆ ತೋಳೇ ಏರದಿದ್ದರೆ ಯಜಮಾನರು ಏನು ಮಾಡ್ತಾರೆ ಎಂದು ಅವಳ ವಾದ. ಮಾತು ಬಾಯಿಪಾಠ ಇದೆ, ಅಂಗಿಯೂ ಮೈಗೆ ಕೂರುತ್ತದೆ, ಇನ್ನೇನು ಬೇಕು? ಬಾಗಿಲಯ್ಯ ಎರಡು ದಿನ ಹೆದರಿದನಂತೆ. ನೀವು ಸಾಯೋವರೆಗೂ ಬಾಗಿಲು ಕಾಯ್ಕೊಂಡಿರಿ ಎಂದು ಅವಳು ಮೂಗು ಮುರಿದ ಮೇಲೆ ಧೈರ್ಯ ಬಂತಂತೆ. ಇದನ್ನೆಲ್ಲ ಅವಳೇ ಮುಂದೊಂದು ದಿನ ನನಗೆ ಹೇಳಿದಳು, ನಾಚಿಕೆಯ ಸುಳಿವೂ ಇಲ್ಲದೆ.

ಹೊರಡುವ ಮುಂಚಿನ ವಾರ ಬಾಗಿಲಯ್ಯ ನನ್ನ ಹತ್ತಿರ ಬಂದು, ನಿಲುವಂಗಿಗೆ ಮುಗ್ಗಲು ವಾಸನೆ ಬಂದಿದೆ ಅಕ್ಕ, ನಮ್ಮ ಮನೆಯಲ್ಲಿ ಒಳ್ಳೆ ಬಿಸಿಲು, ಒಣಗಿಸಿ ತರ್ತೀನಿ ಎಂದ. ಮಣಭಾರದ ಬಟ್ಟೆ, ಹೊರುವವರು ಸಿಕ್ಕಿದರೆ ನಾನೇಕೆ ಬೇಡವೆನ್ನಲಿ? ಹೊರಡುವ ದಿನ ಅದನ್ನು ಗಂಟು ಕಟ್ಟಿ ನೇರವಾಗಿ ಬಸ್ಸಿಗೇ ತಂದ.

ರಂಗಮಂದಿರದ ಬಣ್ಣದ ಕೋಣೆಯಲ್ಲಿ ಗಂಟು ಬಿಚ್ಚಿದೆ. ಯಜಮಾನರು ಮುಖಕ್ಕೆ ಬಣ್ಣ ಹಚ್ಚಿಸಿಕೊಂಡು, ಎಂದಿನಂತೆ ಎರಡೂ ಕೈ ಹಿಂದಕ್ಕೆ ಚಾಚಿ ನಿಂತರು. ಒಂದು ತೋಳು ಮೊಣಕೈವರೆಗೆ ಏರಿ ನಿಂತಿತು. ಇನ್ನೊಂದು ಅಷ್ಟೂ ಏರಲಿಲ್ಲ. ಎಳೆದೆ, ಬೆನ್ನಿನ ಹೊಲಿಗೆ ಟರ್ರೆಂದಿತು.

ಬಾಗಿಲಯ್ಯ ಮೂಲೆಯಲ್ಲಿ ಈಟಿ ಹಿಡಿದು ನಿಂತಿದ್ದ. ಅವನ ಮುಖ ನೋಡಬೇಕಿತ್ತು. ಹನ್ನೊಂದು ವರ್ಷ ಪ್ರತಿ ಆಟದಲ್ಲೂ ಇದೇ ನಿಲುವಂಗಿ ತೊಟ್ಟ ಯಜಮಾನರಿಗೆ ತಲೆಬಾಗಿ ಬಾಗಿಲು ತೆರೆದವನು ಇವನು. ಆದರೂ ಆ ಅಂಗಿ ಮೊದಲು ಅವರ ಮೈ ಮೇಲೆ ಬರುತ್ತದೆಂಬುದು ಗಂಡನಿಗೂ ಹೊಳೆದಿರಲಿಲ್ಲ, ಹೆಂಡತಿಗೂ ಹೊಳೆದಿರಲಿಲ್ಲ. ಇಬ್ಬರ ಕಣ್ಣೂ ದಳಪತಿ ರಾಜನಾಗಿ ಮೆರೆಯುವ ಎರಡನೆಯ ಅಂಕದ ಮೇಲಿತ್ತು. ಇಷ್ಟು ದಡ್ಡತನಕ್ಕೆ ದುರಾಸೆ ಎಂಬ ದೊಡ್ಡ ಹೆಸರು ಕೊಡಲೂ ನನಗೆ ಮನಸ್ಸಿಲ್ಲ.

ಯಾರಿದನ್ನು ಕತ್ತರಿಸಿದ್ದು ಎಂದು ಯಜಮಾನರು ಇನ್ನೂ ಕೇಳಿರಲಿಲ್ಲ. ಬಾಗಿಲಯ್ಯ ಮುಂದೆ ಬಂದ.

"ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ, ಯಜಮಾನ್ರೇ," ಎಂದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಯಾರೂ ಏನೂ ಅನ್ನುವ ಮುಂಚೆಯೇ ಮುಟ್ಟಿಕೊಂಡ. ಯಜಮಾನರು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, ನಿಲುವಂಗಿಯನ್ನು ಅವನ ಎದೆಗೆ ಹಿಡಿದರು. ಭುಜ ಭುಜಕ್ಕೆ ಸರಿ, ತೋಳು ಮಣಿಕಟ್ಟಿಗೆ ಸರಿ. ಕೋಣೆಯಲ್ಲಿದ್ದವರಿಗೆಲ್ಲ ಅರ್ಥವಾಯಿತು. ಕತ್ತರಿಸಿದ ಬಟ್ಟೆ ಎಲ್ಲಿ, ಜೋಡಿಸೋಣ ಎಂದು ಕೇಳಿದೆ. ದಿಂಬಿನ ಚೀಲ ಹೊಲಿದಾಗಿದೆ ಎಂದು ನೆಲ ನೋಡಿದ.

ಎರಡನೆಯ ಲೋಟ ಚಹಾ ಕುಡಿಯುತ್ತಿದ್ದ ದಪ್ಪಣ್ಣ ಲೋಟ ಕೆಳಗಿಟ್ಟ.

"ಕೇಳಿದ್ರೆ ಕೊಡ್ತಿದ್ನಲ್ಲೋ ಮಾರಾಯ. ದಿನಾ ಬಿದ್ದು ಸಾಯೋದ್ರಲ್ಲಿ ನನ್ನ ಮಂಡಿ ಸವೆದುಹೋಗಿದೆ."

"ಕೇಳಿ ಇಸ್ಕೊಂಡ್ರೆ ಅದು ಭಿಕ್ಷೆ," ಎಂದ ಬಾಗಿಲಯ್ಯ.

ಕದ್ದು ತೆಗೆದುಕೊಂಡರೆ ಗೌರವ ಎಂದು ಅವನಿಗೆ ಯಾರು ಕಲಿಸಿದ್ದರೋ! ಮರ್ಯಾದೆ ಇರುವವನ ಹಾಗೆ ಕತ್ತು ಎತ್ತಿ ಹೇಳಿದ್ದು ಕಂಡು ನನಗೆ ಮೈ ಉರಿಯಿತು.

ಹೊರಗೆ ಜನ ಕೂರತೊಡಗಿದ್ದರು. ಹೊಸ ನಿಲುವಂಗಿಗೆ ಸಮಯವೂ ಇರಲಿಲ್ಲ, ಮಖಮಲ್ಲೂ ಇರಲಿಲ್ಲ. ಅಂಗಿ ಬದಲಾಯಿಸಲು ಆಗದ್ದರಿಂದ ಯಜಮಾನರು ರಾಜನನ್ನೇ ಬದಲಾಯಿಸಿದರು.

"ಹಾಕ್ಕೊ. ಇವತ್ತಿಂದ ರಾಜ ನೀನೇ," ಎಂದು ಅವನ ಕೈಯಿಂದ ಈಟಿ ಕಿತ್ತುಕೊಂಡರು.

ಬಾಗಿಲಯ್ಯ ರಾಜನಾದ. ಹೆಂಡತಿ ಹೇಳಿದ್ದು ಸುಳ್ಳಾಗಲಿಲ್ಲ. ಮೈಗೆ ಅಂಟಿದ ಹಾಗೆ ಕೂತ ನಿಲುವಂಗಿಯಲ್ಲಿ ಬಂದ, ಯಜಮಾನರೇ ತಲೆಬಾಗಿ ಬಾಗಿಲು ತೆರೆದರು. ನಾಲ್ಕು ಮಾತಾಡಿದ, ಮಲಗಿದ, ಸತ್ತ. ತೋಳು ಏರದ ದಪ್ಪಣ್ಣ ನಿಲುವಂಗಿಯನ್ನು ಸುಮ್ಮನೆ ಹೆಗಲ ಮೇಲೆ ಎಳೆದುಕೊಂಡ. ಜನ ಅದನ್ನೇ ದೊಡ್ಡ ಕಲೆ ಎಂದುಕೊಂಡರು. ಮೊದಲ ಸಾಲಿನಲ್ಲಿ ಮಾವನ ಸಂಸಾರ, ಅಳಿಯ ಮತ್ತೆ ಯಾವಾಗ ಬರುತ್ತಾನೆಂದು ಕೊನೆಯ ಪರದೆ ಬೀಳುವವರೆಗೂ ಕತ್ತು ಉದ್ದ ಮಾಡಿಕೊಂಡು ಕೂತಿತ್ತು. ಆಮೇಲೆ ಮಾವ ಮಗಳ ಜೊತೆ ಒಳಗೆ ಬಂದು ಕೈ ಕುಲುಕಿದರು.

"ನಿದ್ದೆ ಚೆನ್ನಾಗಿ ಮಾಡಿದ್ರಿ ಅಳಿಯಂದಿರೇ. ಆಮೇಲೆ ಎಲ್ಲಿಗೆ ಹೋಗಿದ್ರಿ?"

ಬಾಗಿಲಯ್ಯ ಹಲ್ಲು ಕಿರಿದ. ಹೆಂಡತಿ ಗೋಡೆ ನೋಡುತ್ತಿದ್ದಳು.

ಮಂಡಳಿ ಹೊಸ ನಿಲುವಂಗಿ ಕೊಳ್ಳಲೇ ಇಲ್ಲ. ಹಾಗಾಗಿ ಆ ಪಾತ್ರ ಅವನಿಗೇ ಉಳಿಯಿತು, ಜನ ಅವನನ್ನು ದೊರೆ ಎಂದು ಕರೆಯತೊಡಗಿದರು. ಹೇಗೆ ಕರೆಯುತ್ತಿದ್ದರೆಂದು ಬೇರೆ ಹೇಳಬೇಕಿಲ್ಲ. ಪ್ರತಿ ಆಟದಲ್ಲೂ ಅವನು ಮಂಚದ ಮೇಲೆ ಹೆಣವಾಗಿ ಬಿದ್ದಿರುವಾಗ, ಪಕ್ಕದಲ್ಲಿ ಯಜಮಾನರು ಈಟಿ ಊರಿಕೊಂಡು, "ನನಗೆ ಈ ಬಾಗಿಲೇ ಸಾಕು, ಪ್ರಭು" ಎನ್ನುತ್ತಿದ್ದರು. ಇವನು ಹೇಳುವಾಗ ಕೆಮ್ಮು ಆಕಳಿಕೆ ಕೇಳಿಸುತ್ತಿದ್ದ ಜಾಗದಲ್ಲಿ ಈಗ ಚಪ್ಪಾಳೆ ಬೀಳುತ್ತಿತ್ತು. ನಾನು ಪರದೆಯ ಪಕ್ಕ ನಿಂತು ನೋಡುತ್ತಿದ್ದೆ. ಕಣ್ಣು ಮುಚ್ಚಿದ ಹೆಣದ ತುಟಿ ಆಡುತ್ತಿತ್ತು. ದಳಪತಿಯ ಮಾತಲ್ಲ, ಬಾಗಿಲು ಕಾಯುವವನ ಮಾತು. ಈಗ ಅದು ಬೇರೆಯವರ ಪಾತ್ರ ತಾನೇ, ಒಂದಕ್ಷರವೂ ತಪ್ಪುತ್ತಿರಲಿಲ್ಲ.