ಸೀರೀಸ್ ಬಲ್ಬು ಆರಲಿಲ್ಲ

ಕಥೆ ಕಟ್ಟೋಕೆ ನನಗೆ ಬರಲ್ಲ. ಬಂದಿದ್ರೆ ಇದಕ್ಕಿಂತ ಚೆನ್ನಾಗಿರೋದನ್ನೇ ಕಟ್ಟಿರ್ತಿದ್ದೆ. ಎಲೆಕ್ಟ್ರಾನಿಕ್ಸ್ ಓದಿದೋಳು ನಾನು. ಕಾರಣ ಇಲ್ಲದೆ ಏನೂ ಸುಡಲ್ಲ ಅಂತ ನಂಬಿ ಅನ್ನ ತಿಂದೋಳು. ಅಂಥೋಳ ಕಣ್ಣೆದುರಿಗೇ ನಡೆದಿದ್ದನ್ನ ನಡೆದ ಹಾಗೇ ಹೇಳ್ತೀನಿ. ನಂಬೋದು ಬಿಡೋದು ನಿಮ್ಮಿಷ್ಟ.

ತೊಂಬತ್ತರ ದಶಕದ ಕೊನೆ. ಚಾಮರಾಜಪೇಟೆಯ ಒಂದು ಹಳೇ ಮನೆಯಲ್ಲಿ ನಮ್ಮ ಪುಟ್ಟ ಕಂಪನಿ. ಮುಂದಿನ ಹಾಲೇ ಆಫೀಸು, ಹಿಂದಿನ ಕಿಟಕಿಯಿಲ್ಲದ ಕೋಣೆ ಟೆಸ್ಟಿಂಗ್ ರೂಮು. ಅಲ್ಲಿ ಕೆಲಸ ಮಾಡ್ತಿದ್ದೋರು ನಾವಿಬ್ಬರೇ, ನಾನು ಮತ್ತೆ ನನ್ನ ಅಕ್ಕನ ಗಂಡ ಪ್ರಭಾಕರ. ಅಕ್ಕ ಎನ್.ಆರ್. ಕಾಲೋನಿ ಮನೆಯಲ್ಲಿ, ತುಂಬು ಬಸುರಿ. ದಿನಾ ಬೆಳಿಗ್ಗೆ ಬಾಗಿಲಲ್ಲಿ ನನ್ನನ್ನ ನಿಲ್ಲಿಸ್ಕೊಂಡು, ನಿಮ್ಮ ಭಾವಂಗೆ ಕೆಲಸಕ್ಕೆ ಕೂತರೆ ಮೈಮೇಲೆ ಜ್ಞಾನ ಇರಲ್ಲ ಕಣೇ, ನೀನು ಒಂದು ಕಣ್ಣಿಟ್ಟಿರು ಅಂತಿದ್ಲು. ಹೂಂ ಅಂತ ಮಾತು ಕೊಟ್ಟು ಬರ್ತಿದ್ದೆ.

ಆಗ ಹೊರದೇಶದ ಚಿಪ್ ಕಂಪನಿಯೊಂದು ಕನ್ವರ್ಟರ್ ಬೋರ್ಡುಗಳನ್ನ ಕಳಿಸಿತ್ತು. ಗೋಡೆಯ ಕರೆಂಟನ್ನ ಮೆಷಿನ್ನಿಗೆ ಬೇಕಾದಷ್ಟು ಸಣ್ಣ ವೋಲ್ಟೇಜಿಗೆ ಇಳಿಸೋ ಬೋರ್ಡು ಅದು. ಚಿಪ್ ಕೊಳ್ಳೋಕೆ ಮುಂಚೆ ಓಡಿಸಿ ನೋಡಿ ಅಂತ ಕೊಡೋ ಮಾದರಿ. ಎವಾಲ್ಯುಯೇಶನ್ ಬೋರ್ಡ್ ಅಂತಾರೆ. ಬೇರೆ ಕಡೆ ಎಲ್ಲ ಹಸುವಿನ ಹಾಗೆ ಸುಮ್ಮನೆ ಓಡ್ತಿತ್ತಂತೆ.

ನಮ್ಮಲ್ಲಿ ಮೊದಲನೇದು ಹಗಲೆಲ್ಲಾ ಓಡಿತು. ಸಂಜೆ ಕತ್ತಲಾಗಿ, ಪಕ್ಕದ ಮನೆಯಲ್ಲಿ ದೀಪ ಹಚ್ಚಿದ ಊದುಬತ್ತಿ ವಾಸನೆ ಬರೋ ಹೊತ್ತಿಗೆ ಢಂ ಅಂತ ಸಿಡೀತು. ದೊಡ್ಡ ಟ್ರಾನ್ಸಿಸ್ಟರ್ ಎರಡು ಹೋಳಾಗಿ, ಒಂದು ಹೋಳು ಗೋಡೆ ಗಾರೆಯೊಳಗೆ ನಾಟ್ಕೊಂಡಿತ್ತು. ಸುಟ್ಟ ವಾಸನೆ ನಮಗೆ ಹೊಸದಲ್ಲ. ಕೆಪಾಸಿಟರ್ ಸುಟ್ಟರೆ ಕೊಳೆತ ಮೀನಿನ ನಾತ, ತಂತಿ ಸುರುಳಿ ಸುಟ್ಟರೆ ವಾರ್ನಿಷ್ ಘಾಟು. ಇದು ಅದ್ಯಾವುದೂ ಅಲ್ಲ... ಕೂದಲು ಸುಟ್ಟ ವಾಸನೆ. ನಿನ್ನ ಜಡೆ ನೋಡ್ಕೋ ಅಂತ ಭಾವ ನಕ್ಕರು. ನೋಡ್ಕೊಂಡೆ. ಏನೂ ಆಗಿರಲಿಲ್ಲ.

ಲೈನಿನಲ್ಲಿ ವೋಲ್ಟೇಜ್ ಏರಿರಬೇಕು ಅಂತ ಸ್ಟೆಬಿಲೈಸರ್ ಹಾಕಿದ್ವಿ. ಎರಡನೇದೂ ಕತ್ತಲಾದ ಮೇಲೇ ಹೋಯ್ತು. ಈ ಸಲ ಚೂರು ಬಂದು ನನ್ನ ಕೆನ್ನೆ ಸೀಳಿತು. ಭಾವ ಕರ್ಚೀಫ್ ಒತ್ತಿ ಹಿಡಿದ್ರು, ಚೂಡಿದಾರ್ ಮೇಲೆಲ್ಲಾ ರಕ್ತ. ಎರಡು ಬೆರಳು ಮೇಲೆ ಬಂದಿದ್ರೆ ಕಣ್ಣೇ ಹೋಗ್ತಿತ್ತು. ಹಾಳಾಗಿ ಹೋಗ್ಲಿ ಈ ಬೋರ್ಡು, ವಾಪಸ್ ಕಳಿಸಿ ಅಂತ ಬೈದೆ. ಕಾರಣ ಗೊತ್ತಾಗದೆ ಕಳಿಸಲ್ಲ ಅಂದ್ರು. ಹಿಡಿದ ಹಠ ಬಿಡೋ ಗಂಡಸಲ್ಲ ಆತ.

ಮೂರನೇದಕ್ಕೆ ಭಾವ ಸೀರೀಸ್ ಬಲ್ಬು ಕಟ್ಟಿದ್ರು. ಇದು ನಮ್ಮೂರ ರಿಪೇರಿಯವರೆಲ್ಲರ ಹಳೇ ಉಪಾಯ. ಕರೆಂಟು ನೂರು ವ್ಯಾಟಿನ ಒಂದು ಬಲ್ಬಿನ ಮೂಲಕವೇ ಬೋರ್ಡಿಗೆ ಹೋಗಬೇಕು. ಬೋರ್ಡು ಮಿತಿ ಮೀರಿ ಎಳೆದರೆ ಬಲ್ಬು ಉರಿದು ಹೇಳುತ್ತೆ, ಬೋರ್ಡು ಉಳಿಯುತ್ತೆ. ಯಾರೂ ಎಳೀದಿದ್ರೆ ಬಲ್ಬು ಕತ್ತಲೆ. ಇನ್ನೊಂದು ಪದ್ಧತಿ, ಎಡಗೈ ಯಾವಾಗಲೂ ಪ್ಯಾಂಟ್ ಜೇಬಿನಲ್ಲಿ. ಒಂದೇ ಕೈಗೆ ಶಾಕ್ ಹೊಡೆದರೆ ಬದುಕ್ಕೋಬಹುದು. ಒಂದು ಕೈಯಲ್ಲಿ ಕರೆಂಟು, ಇನ್ನೊಂದು ಕೈಯಲ್ಲಿ ಕಬ್ಬಿಣ ಅಂದ್ರೆ ಎದೆ ಸೀಳ್ಕೊಂಡೇ ಹೋಗೋದು.

ಆ ಸಂಜೆ ಕಂಪನಿ ಮಾಲೀಕರು, ನಮ್ಮ ಸಾಹೇಬ್ರು, ಮೆಜೆಸ್ಟಿಕ್ ಕಡೆ ಹೋಗಿದ್ರು. ಮನೆಯಲ್ಲಿ ನಾವಿಬ್ಬರೇ. ಕತ್ತಲಾಯ್ತು. ಬಲ್ಬು ನಿಧಾನಕ್ಕೆ ಕೆಂಪಾಯ್ತು. ನೋಡಿದ್ಯಾ, ಎಳೀತಿದೆ ಅಂತ ಭಾವ ಬಲಗೈಯಲ್ಲಿ ತಂತಿ ತುದಿಯ ಕ್ಲಿಪ್ ಕಿತ್ತು ಬೋರ್ಡನ್ನ ಬೇರೆ ಮಾಡಿದ್ರು.

ಬಲ್ಬು ಆರಲಿಲ್ಲ.

ಕ್ಲಿಪ್ ಅವರ ಕೈಯಲ್ಲಿ, ತಂತಿ ಗಾಳಿಯಲ್ಲಿದೆ. ಎಳೆಯೋಕೆ ಏನೂ ಇಲ್ಲ. ಬಲ್ಬು ಮಾತ್ರ ಏರ್ತಾ ಇಳೀತಾ, ಯಾರೋ ಗುಟುಕು ಗುಟುಕಾಗಿ ಕುಡೀತಿರೋ ಹಾಗೆ... ಕೂದಲು ಸುಟ್ಟ ವಾಸನೆ ಮೂಗಿಗೆ ಅಡರಿತು. ನನಗೆ ನಿಜವಾಗ್ಲೂ ಭಯ ಆಯ್ತು.

"ಎಳೀಬೇಡ ಸುಮಾ," ಅಂದ್ರು ಭಾವ. "ಕೈ ಬಿಡು."

ನಾನು ಬಾಗಿಲ ಹತ್ರ ಇದ್ದೆ. ಅವರಿಗೂ ನನಗೂ ನಡುವೆ ಇಡೀ ಕೋಣೆ ಇತ್ತು.

ಅವರ ಎಡಗೈ ಜೇಬಿನಿಂದ ಹೊರಗೆ ಬರ್ತಿತ್ತು. ತಾನಾಗಿ ಅಲ್ಲ. ಜೇಬಿನ ಹೊಲಿಗೆ ಪರಪರ ಹರೀತು. ಭಾವ ಹಲ್ಲು ಕಚ್ಚಿ ಹಿಂದಕ್ಕೆ ಜಗ್ತಿದ್ರು, ಕುತ್ತಿಗೆ ನರ ಉಬ್ಬಿತ್ತು. ಕೈ ಮಾತ್ರ ಪಕ್ಕದ ಕಬ್ಬಿಣದ ರ‍್ಯಾಕ್ ಕಡೆ ಹೋಗ್ತಾನೇ ಇತ್ತು. ಆ ಜಗ್ಗಾಟದಲ್ಲಿ ಬಲಗೈ ಬೆರಳು ಕ್ಲಿಪ್ಪಿನ ರಬ್ಬರ್ ದಾಟಿ ಅದರ ಬರೀ ಲೋಹದ ಹಲ್ಲಿನ ಮೇಲೆ ಜಾರಿತ್ತು. ಕಾಲಡಿ ರಬ್ಬರ್ ಮ್ಯಾಟ್ ಇದ್ದಿದ್ರಿಂದ ಇನ್ನೂ ಜೀವ ಇತ್ತು. ಎಡಗೈ ಕಬ್ಬಿಣ ಮುಟ್ಟಿದ ಕ್ಷಣ ನನ್ನ ಅಕ್ಕ ಮುಂಡೆಯಾಗ್ತಾಳೆ.

ಕ್ಲಿಪ್ ಬಿಡಿ ಅಂತ ಕಿರುಚಿದೆ. ಬೆರಳು ಬಿಚ್ತಿಲ್ಲ ಅಂದ್ರು. ಓಡಿ ಹೋಗಿ ಮೇನ್ ಸ್ವಿಚ್ ಕೆಳಗೆಳೆದೆ. ಟ್ಯೂಬ್‌ಲೈಟ್ ಆರಿತು, ಫ್ಯಾನ್ ನಿಂತಿತು, ಇಡೀ ಮನೆ ಕತ್ತಲಾಯ್ತು...

ಆ ಬಲ್ಬು ಮಾತ್ರ ಧಗಧಗ ಉರೀತಿತ್ತು.

ಮುಟ್ಟಿದ್ರೆ ನಾನೂ ಹೋಗ್ತೀನಿ. ಒಣ ಮರದಿಂದ ಹೊಡೀಬೇಕು, ಅದು ನಮಗೆ ಮೊದಲ ದಿನವೇ ಹೇಳಿಕೊಡೋ ಪಾಠ. ಮರದ ಸ್ಟೂಲ್ ಎತ್ಕೊಂಡೆ. ಕೈ ಮುರಿದರೆ ಮುರೀಲಿ, ಮನುಷ್ಯ ಉಳೀಲಿ ಅಂತ ಇದ್ದಬದ್ದ ಶಕ್ತಿಯೆಲ್ಲಾ ಹಾಕಿ ಭಾವನ ಎಡಗೈ ಮಣಿಕಟ್ಟಿನ ಮೇಲೆ ಬೀಸಿದೆ. ಲಟ್ ಅಂತು. ಮೂಳೆ ಮುರಿದದ್ದು ಸ್ಟೂಲಿನ ಕಾಲಿನಿಂದ ನನ್ನ ಮೊಣಕೈವರೆಗೆ ಗೊತ್ತಾಯ್ತು. "ಅಮ್ಮಾ" ಅಂತ ಒಂದು ಕೂಗು. ಆದರೂ ಎಳೆತ ನಿಲ್ಲಲಿಲ್ಲ. ಅಳ್ತಾ ಮತ್ತೆ ಹೊಡೆದೆ, ಅದೇ ಜಾಗಕ್ಕೆ. ಈ ಸಲ ಮೆತ್ತಗಿತ್ತು, ಜಜ್ಜಿದ ಹಾಗೆ.

ಬಲ್ಬು ಸಿಡಿದು ಗಾಜು ಸುರೀತು. ಭಾವ ಧೊಪ್ ಅಂತ ಬಿದ್ದರು.

ಕತ್ತಲಲ್ಲಿ ಅವರ ಕಾಲು ಹಿಡಿದು ಹಾಲಿನವರೆಗೆ ದರದರ ಎಳ್ಕೊಂಡು ಬಂದೆ. ಉಸಿರಿತ್ತು. ಆ ಉಸಿರು ಕೇಳಿ ಬಿಕ್ಕಿ ಬಿಕ್ಕಿ ಅತ್ತೆ. ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ಅವರ ಎಡಗೈಯನ್ನ ನನ್ನ ದುಪಟ್ಟಾದಲ್ಲಿ ಸುತ್ತಿ, ಅಲ್ಲಾಡದ ಹಾಗೆ ತೊಡೆ ಮೇಲೆ ಇಟ್ಕೊಂಡಿದ್ದೆ.

ಡಾಕ್ಟರಿಗೆ ನಾನೇ ಹೇಳಿದೆ, ಶಾಕ್ ತಪ್ಸೋಕೆ ಹೊಡೆದೆ, ಮೂಳೆ ಪುಡಿಯಾಗಿರುತ್ತೆ, ಬೇಗ ಪ್ಲಾಸ್ಟರ್ ಹಾಕಿ ಅಂತ. ಅವರು ಬಲಗೈ ಬೆರಳಿನ ಸುಟ್ಟ ಗಾಯಕ್ಕೆ ಮುಲಾಮು ಹಚ್ಚಿದ್ರು. ಎಡಗೈ ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದು ನೋಡಿದ್ರು. ಆಮೇಲೆ ನನ್ನ ಮುಖ ನೋಡಿದ್ರು. ಒಂದು ಬಿರುಕೂ ಇಲ್ಲಮ್ಮ, ನೀನು ಎಲ್ಲಿ ಹೊಡೆದೆ ಅಂದ್ರು. ದುಪಟ್ಟಾ ಬಿಚ್ಚಿದ ಕೈ ಮೇಲೆ ಬಾವು ಇಲ್ಲ, ಗೀರೂ ಇಲ್ಲ.

ಆ ಕೋಣೆಗೆ ಸಾಹೇಬ್ರು ಆ ವಾರವೇ ಬೀಗ ಹಾಕಿಸಿದ್ರು. ಅಲ್ಲಿ ಮುಂಚೆ ಯಾರಿದ್ರು, ಏನಾಗಿತ್ತು ಅಂತ ಅಕ್ಕಪಕ್ಕ ವಿಚಾರಿಸಿದೆ. ಯಾರೂ ಏನೂ ಹೇಳಲಿಲ್ಲ, ಹೇಳೋಕೆ ಏನೂ ಇರಲಿಲ್ವೋ ಏನೋ. ಅಕ್ಕಂಗೆ ಹೆಣ್ಣು ಮಗು ಆಯ್ತು. ಭಾವ ಎರಡೂ ಕೈಯಲ್ಲಿ ಎತ್ಕೊಂಡು ಓಡಾಡೋದನ್ನ ನೋಡಿ, ದೇವರು ದೊಡ್ಡೋನು ಅಂದ್ಕೊಂಡೆ.

ನಾಮಕರಣದ ದಿನ, ಊಟ ಆದ್ಮೇಲೆ, ಧೈರ್ಯ ಮಾಡಿ ಕೇಳಿದೆ. ತುಂಬಾ ನೋವಾಗಿತ್ತಾ ಭಾವ, ಅಮ್ಮಾ ಅಂತ ಕೂಗಿದ್ರಲ್ಲ ಅಂದೆ.

ಭಾವ ಮಗುವನ್ನ ಎದೆಗೆ ಒತ್ಕೊಂಡ್ರು. "ನಿನ್ನ ಏಟು ನನಗೆ ತಾಗಲೇ ಇಲ್ಲ ಸುಮಾ," ಅಂದ್ರು ಮೆಲ್ಲಗೆ. "ಕೂಗಿದ್ದು ನಾನಲ್ಲ."

ಎರಡನೇ ಸಲವೂ ಹೊಡೆದಿದ್ದೆ ನಾನು... ಅದೇ ಮುರಿದ ಜಾಗಕ್ಕೆ.