ರುದ್ರಮುನಿ ಸರ್ ಅವರ ರಾಗದ ಸ್ಪ್ಯಾನಿಷ್

ರಾಣೆಬೆನ್ನೂರು, ಹಾವೇರಿಗಳ ಕಾಲೇಜುಗಳಲ್ಲಿ ಮೂರು ದಶಕ ಇಂಗ್ಲಿಷ್ ಬೋಧಿಸಿ ಈ ವರ್ಷ ನಿವೃತ್ತರಾಗುತ್ತಿರುವ ಪೂಜ್ಯ ರುದ್ರಮುನಿ ಸರ್ ಅವರ ಶಿಷ್ಯಬಳಗ ಬಹು ದೊಡ್ಡದು. ಆದರೆ ಬ್ಯಾಡಗಿಯ ಒಂದು ಓಣಿಗೆ ಸ್ಪ್ಯಾನಿಷ್ ಭಾಷೆಯನ್ನು ಕರೆತಂದವರೂ ಅವರೇ ಎಂಬುದನ್ನು ಬಲ್ಲವರು ಕಡಿಮೆ. ಹೊಸರಿತ್ತಿಯ ಆಶ್ರಮ ನೋಡಲು ಬಂದಿದ್ದ ಪ್ರವಾಸಿಯೊಬ್ಬರು ಬಿಟ್ಟುಹೋದ ಒಂದು ವ್ಯಾಕರಣ ಪುಸ್ತಕವೇ ಅವರಿಗೆ ಗುರುವಾಗಿತ್ತು.

೨೦೦೫ರಲ್ಲಿ ಅವರ ಹಳೆಯ ವಿದ್ಯಾರ್ಥಿನಿ ಸಾನಿಯಾ, ಮೆಣಸಿನಕಾಯಿಯ ಬಣ್ಣ ತೆಗೆಯುವ ಕಾರ್ಖಾನೆಯೊಂದರಲ್ಲಿ ತಾತ್ಪೂರ್ತಿಕ ಗುಮಾಸ್ತೆಯಾಗಿದ್ದಳು. ಸ್ಪೇನಿನಿಂದ ಬರಲಿರುವ ವ್ಯಾಪಾರಿಯೊಡನೆ ಅವರ ಭಾಷೆಯಲ್ಲಿ ನಾಲ್ಕು ಮಾತಾಡಬಲ್ಲವರಿಗೇ ಕೆಲಸ ಕಾಯಂ ಎಂದು ಮ್ಯಾನೇಜರರು ಹೇಳಿದ್ದರು. ಇಲ್ಲವಾದರೆ ಮನೆಗೆ. ಸುದ್ದಿ ಕೇಳಿದ ಸರ್, ಪ್ರತಿ ರವಿವಾರ ತಾವಾಗಿಯೇ ಬಂದು ಅವಳ ಮನೆಯ ಕಟ್ಟೆಯ ಮೇಲೆ ಕೂರತೊಡಗಿದರು.

“ಒಂದ ಕ್ರಿಯಾಪದದ ಕೈ ಹಿಡಿಯವಾ, ಉಳಿದಾವು ಬೆನ್ನ ಹತ್ತಿ ಬರ್ತಾವ” ಎಂದು ‘ಪೊನೆರ್’ ಆರಿಸಿಕೊಂಡರು. ಇಡು ಎಂದರ್ಥ. ಒಲೆಯ ಮೇಲೆ ಪಾತ್ರೆ ಇಡುವುದಕ್ಕೂ, ಕೂಸಿಗೆ ಹೆಸರಿಡುವುದಕ್ಕೂ, ತಲೆಗೆ ಟೊಪ್ಪಿಗೆ ಹಾಕಿಕೊಳ್ಳುವುದಕ್ಕೂ ಅದೇ ಪದ. ಒಳಗಿನಿಂದ ಅಜ್ಜಿ ಜೈತೂನಬಿ ಕೆಣಕುವರು:

“ಮಾಸ್ತರ, ಅಲ್ಲಿ ಕೋಳಿನೂ ಮೊಟ್ಟಿ ಇಡತೈತೇನ್ರಿ?”

“ಇದ ಪದ ಹಚ್ಚಿ ಇಡತೈತ್ರಿ ಅಮ್ಮಾ. ಹೊತ್ತು ಮುಳುಗಿದರೂ, ಸೂರ್ಯಾ ತನ್ನನ್ನ ತಾ ಇಟ್ಕೊಂಡಾ ಅಂತಾರ.”

“ಅಯ್ಯ, ಎಲ್ಲಿ ಇಟ್ಕೋತಾನೋ!”

ಸರ್ ಬಾಲ್ಯದಿಂದ ಮಠದಲ್ಲಿ ಪುರಾಣ ಪಠಣ ಕೇಳಿ ಬೆಳೆದವರು. ಬಾಯಿಪಾಠವೆಂದರೆ ಅವರಿಗೆ ರಾಗವೇ. ‘ಲಾ ಗಾಯಿನಾ ಪೋನೆ ಉಎವೊಸ್’ ಎಂಬ ಕೋಳಿ ಮೊಟ್ಟೆಯಿಡುವ ವಾಕ್ಯವನ್ನೂ ಕೊನೆಯಕ್ಷರ ಎಳೆದು, ಭಕ್ತಿಯಿಂದಲೇ ಹೇಳಿಕೊಟ್ಟರು. ಸಾನಿಯಾ ಹಾಗೆಯೇ ಕಲಿತಳು.

ಅತಿಥಿ ಬಂದ ದಿನ ಅವಳು ಬಾಯಿ ತೆರೆದಾಗ ಸ್ವಾಗತದ ಮಾತುಗಳೆಲ್ಲ ಅದೇ ರಾಗದಲ್ಲಿ ಹೊರಟವು. ಆತ ಪ್ರಾರ್ಥನೆಯೆಂದು ಬಗೆದು ಟೊಪ್ಪಿಗೆ ತೆಗೆದು ತಲೆಬಾಗಿ ನಿಂತ. ಮ್ಯಾನೇಜರರ ಮುಖ ಕಪ್ಪಿಟ್ಟಿತು. ಕೆಲಸ ಹೋಯಿತೆಂದೇ ಅವಳು ತಿಳಿದಳು.

ಅವಳಿಗೆ ಧೈರ್ಯವಾಗಲೆಂದು ಜೊತೆಗೆ ಬಂದಿದ್ದ ಸರ್, ಹಿಂದಿನ ಕುರ್ಚಿಯಿಂದ ಎದ್ದು ಮ್ಯಾನೇಜರರಿಗೆ ಹೇಳಿದರು: “ಸಾಹೇಬರ, ಮಾತು ಆಕಿದು, ರಾಗ ನಂದು. ನಾ ಈ ಭಾಷಾ ಕಣ್ಣಿಲೆ ಓದೇನಿ, ಕಿವಿಲೆ ಎಂದೂ ಕೇಳಿಲ್ಲ.” ಬಳಿಕ ಅವಳತ್ತ ತಿರುಗಿ, “ಇದನ್ನ ಅವರಿಗೆ ಹೇಳವಾ. ಹಾಡಬ್ಯಾಡ, ನಿಮ್ಮಜ್ಜಿ ಕೂಡ ಜಗಳಾಡಿಧಂಗ ಹೇಳು” ಎಂದರು.

ಸಾನಿಯಾ ಹೇಳಿದಳು. ಕಂಠಪಾಠದಲ್ಲಿ ಇಲ್ಲದ ವಾಕ್ಯ; ತಡವರಿಸಿದರೂ ಅವಳದೇ ಆದದ್ದು. ಅತಿಥಿ ಗಹಗಹಿಸಿ ನಕ್ಕು, ಕುರ್ಚಿ ಎಳೆದುಕೊಂಡು ಮಾತಿಗೆ ಕುಳಿತ. ಕೆಲಸ ಕಾಯಂ ಆಯಿತು. ಅಂದು ಸಂಜೆ ಸರ್, ಶಿಷ್ಯೆಯ ಪಕ್ಕದಲ್ಲೇ ಕುಳಿತು, ಆ ಅತಿಥಿಯಿಂದ ತಮ್ಮ ಒಂದೊಂದೇ ಉಚ್ಚಾರವನ್ನು ಮಗುವಿನಂತೆ ತಿದ್ದಿಕೊಂಡದ್ದನ್ನು ಸಾನಿಯಾ ಇಂದಿಗೂ ಹೇಳುತ್ತಾಳೆ.

ಈಗ ಅದೇ ಕಟ್ಟೆಯ ಮೇಲೆ ಅವಳೇ ಓಣಿಯ ಹುಡುಗಿಯರಿಗೆ ಕಲಿಸುತ್ತಾಳೆ. ಸರ್ ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಕೋಳಿಯ ವಾಕ್ಯ ಬಂದಾಗ ಅವರ ಧ್ವನಿ ತಾನಾಗಿ ಏರುತ್ತದೆ. “ಸರ್, ರಾಗ!” ಎಂದು ಸಾನಿಯಾ ಎಚ್ಚರಿಸಿದರೆ ನಾಲಿಗೆ ಕಚ್ಚಿಕೊಳ್ಳುತ್ತಾರೆ.

ಭಗವಂತನು ಅವರಿಗೆ ದೀರ್ಘಾಯುಷ್ಯ ಕೊಡಲಿ. ಆ ಹಿಂದಿನ ಸಾಲು ಅವರಿಂದ ತುಂಬಿರಲಿ. ರಾಗ ಮಾತ್ರ ಅವರನ್ನು ಪೂರ್ತಿ ಬಿಡದಿರಲಿ.